ಕರೆಂಟ್ ಬಂದರೂ ಏಳದ ಪೆಟ್ಟಿಗೆ: ಯು-ಬೂಟ್ ಡೀಫಾಲ್ಟ್ ಸೆಟ್ಟಿಂಗಿನ ದೋಷ ಪತ್ತೆ

ಜುಲೈ ನಡುವಿನ ಒಂದು ಬೆಳಗ್ಗೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಯಜಮಾನರು ಫೋನ್ ಮಾಡಿದರು. “ಎಂತ ಮಾರಾಯ್ರೆ, ನಿಮ್ಮ ಪೆಟ್ಟಿಗೆ ಮತ್ತೆ ಮಲಗಿದೆಯಲ್ಲ. ಎರಡು ದಿನ ಆದ್ಮೇಲೆ ರಾತ್ರಿ ಕರೆಂಟ್ ಬಂತು. ಲೈಟೇನೋ ಉರೀತಾ ಇದೆ, ಮಳೆ ಲೆಕ್ಕ ಮಾತ್ರ ಮೊಬೈಲಿಗೆ ಬರ್ತಾ ಇಲ್ಲ.” ಸ್ವಿಚ್ ಆಫ್ ಮಾಡಿ ಹಾಕಿ ನೋಡಿದಿರಾ ಎಂದು ಕೇಳಿದೆ. “ಮೂರು ಸಲ ಹಾಕ್ದೆ. ಅದಕ್ಕೆ ಎಂತದೂ ಅನ್ನಿಸಿದ ಹಾಗಿಲ್ಲ.” ಅದೇ ವಾರ ಸಾಗರದ ಹತ್ತಿರದ ಇನ್ನೊಂದು ತೋಟದಿಂದಲೂ ಇದೇ ದೂರು ಬಂತು. ಅಲ್ಲಿ ಮಾತ್ರ ಸ್ವಿಚ್ ಆಫ್ ಮಾಡಿ ಹಾಕಿದ ಕೂಡಲೇ ಪೆಟ್ಟಿಗೆ ಎದ್ದು ಕೂತಿತ್ತು.

ಪೆಟ್ಟಿಗೆ ಎಂದರೆ ನಾವು ಮೂವರು ಗೆಳೆಯರು ಶಿವಮೊಗ್ಗದಲ್ಲಿ ಕೂತು ಕಟ್ಟಿದ ಮಳೆ ಲೆಕ್ಕದ ಯಂತ್ರ. ಮೇಲೆ ಟಿಪ್ಪಿಂಗ್ ಬಕೆಟ್ ಮಳೆಮಾಪಕ, 0.2 ಮಿಲಿಮೀಟರ್ ಮಳೆಗೆ ಒಂದು ಸಲ ಮಗುಚುತ್ತದೆ. ಒಳಗೆ ಎಎಂ335ಎಕ್ಸ್ ಜಾತಿಯ ಪ್ರೊಸೆಸರ್ (ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಇರುವಂಥದ್ದೇ) ಕೂರಿಸಿ ನಾವೇ ಮಾಡಿಸಿದ ಬೋರ್ಡು, ಕರೆಂಟ್ ಹೋದರೂ ಬರೆದದ್ದು ಅಳಿಯದ ಇಎಂಎಂಸಿ ಮೆಮೊರಿ, 4ಜಿ ಮೋಡೆಮ್, 12 ವೋಲ್ಟಿನ ಸಣ್ಣ ಬ್ಯಾಟರಿ. ಕೊಳೆ ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಹೊಡೆಯುವವರಿಗೆ ಮಳೆ ಎಷ್ಟು ಬಿತ್ತು, ಎಷ್ಟು ಹೊತ್ತು ಬಿಡುವು ಕೊಟ್ಟಿತು ಎಂಬುದೇ ಮುಖ್ಯ. ಆಗುಂಬೆ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ. ಅಂದರೆ ಬಕೆಟ್ ವರ್ಷಕ್ಕೆ 35,000 ಸಲ ಮಗುಚಬೇಕು. 200 ಮಿಲಿಮೀಟರ್ ಸುರಿದ ಒಂದು ದಿನ ಪೆಟ್ಟಿಗೆ ಮಲಗಿದರೆ ಸಾವಿರ ಮಗುಚು ಲೆಕ್ಕಕ್ಕೇ ಬರುವುದಿಲ್ಲ. ಪೆಟ್ಟಿಗೆ ಮಲಗುವುದೂ ಅಂಥ ದಿನವೇ. ಮಳೆ ಜೋರಾದಾಗ ತಾನೆ ಮರ ಲೈನ್ ಮೇಲೆ ಬೀಳುವುದು!

ಎರಡೂ ಪೆಟ್ಟಿಗೆಗಳ ರೋಗ ಬೂಟ್‌ಲೋಡರ್‌ನಲ್ಲಿ (ಪವರ್ ಬಂದ ಮೇಲೆ ಮೊದಲು ಓಡಿ ಲಿನಕ್ಸನ್ನು ಎಬ್ಬಿಸುವ ಸಣ್ಣ ತಂತ್ರಾಂಶ), ಅಂದರೆ ಯು-ಬೂಟ್‌ನಲ್ಲಿ ಸಿಕ್ಕಿತು. ಅದೂ ಯು-ಬೂಟ್‌ನ ತಪ್ಪಲ್ಲ, ನಾವು ಮುಟ್ಟದೆ ಬಿಟ್ಟ ಡೀಫಾಲ್ಟ್ ಸೆಟ್ಟಿಂಗಿನದು. ಇಂಥ ಪೆಟ್ಟಿಗೆಗಳನ್ನು ಕಟ್ಟಿ ಕಾಡು, ತೋಟ, ಪಂಪ್‌ಹೌಸ್‌ಗಳಲ್ಲಿ ಇಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಹುಡುಕಿದ ಕ್ರಮದಲ್ಲೇ ಬರೆದಿದ್ದೇನೆ. ಕಮಾಂಡ್ ಮತ್ತು ವೇರಿಯಬಲ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಎಂದು ತಿಳಿದುಕೊಳ್ಳಿ.

ಮೊದಲು ಕೇಳಬೇಕಾದ ಪ್ರಶ್ನೆ

ಸ್ವಿಚ್ ಆಫ್ ಮಾಡಿ ಹಾಕಿದರೆ ಏಳುತ್ತದೋ ಇಲ್ಲವೋ? ಫೋನಿನಲ್ಲೇ ಕೇಳಬಹುದಾದ ಈ ಒಂದು ಪ್ರಶ್ನೆ ಅರ್ಧ ದಾರಿ ಉಳಿಸುತ್ತದೆ. ಎಷ್ಟು ಸಲ ಹಾಕಿದರೂ ಏಳದಿದ್ದರೆ ಮೆಮೊರಿಯಲ್ಲಿ ಬರೆದದ್ದು ಏನೋ ಕೆಟ್ಟಿದೆ, ಪ್ರತಿ ಸಲವೂ ಅದೇ ತಪ್ಪು ದಾರಿ ಹಿಡಿಯುತ್ತಿದೆ ಎಂದರ್ಥ. ಒಮ್ಮೆ ಎದ್ದು ಒಮ್ಮೆ ಏಳದಿದ್ದರೆ ವೋಲ್ಟೇಜು, ಗದ್ದಲದ ಸಿಗ್ನಲ್, ಇಲ್ಲವೇ ಯಾವುದೋ ಒಂದು ಭಾಗ ಇನ್ನೊಂದಕ್ಕಿಂತ ಮುಂಚೆ ಸಿದ್ಧವಾಗುವ ಮೇಲಾಟ. ದೂರು ಒಂದೇ ಥರ ಕೇಳಿಸಿತು ಎಂದು ನಾವು ಒಂದೇ ಕಾರಣ ಹುಡುಕುತ್ತ ಎರಡು ಭಾನುವಾರ ಕಳೆದೆವು. ತೀರ್ಥಹಳ್ಳಿಯದು ಮೊದಲ ಜಾತಿ, ಸಾಗರದ್ದು ಎರಡನೆಯದು.

ಜಾಗಕ್ಕೆ ಹೋದ ಮೇಲೆ, ಕೈ ಎಷ್ಟೇ ಕಡಿಯಲಿ, ಮೊದಲು ಸ್ವಿಚ್ ಮುಟ್ಟಬೇಡಿ. ಪೆಟ್ಟಿಗೆ ಈಗ ಎಲ್ಲಿ ನಿಂತಿದೆಯೋ ಅದೇ ಸಾಕ್ಷಿ. ಆಫ್ ಮಾಡಿದರೆ ಅದು ಅಳಿಸಿಹೋಗುತ್ತದೆ, ಮತ್ತೆ ಅದೇ ಸ್ಥಿತಿಗೆ ಬರಲು ಇನ್ನೊಂದು ಮಳೆಯನ್ನೇ ಕಾಯಬೇಕಾಗಬಹುದು.

ಪರದೆ ಎಲ್ಲಿ ನಿಂತಿದೆ?

ಬೋರ್ಡಿನ ಸೀರಿಯಲ್ ಪಿನ್ನಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆಯಿರಿ. ವೇಗ 115200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅಡಾಪ್ಟರ್ 3.3 ವೋಲ್ಟಿನದೇ ಆಗಿರಬೇಕು. 5 ವೋಲ್ಟಿನದು ಅಥವಾ ಹಳೆಯ ಕಂಪ್ಯೂಟರಿನ ಆರ್‌ಎಸ್-232 ನೇರ ಚುಚ್ಚಿದರೆ ಚಿಪ್ಪಿಗೆ ಪೆಟ್ಟು.

ಇಲ್ಲೊಂದು ಎಚ್ಚರಿಕೆ. ಮೊದಲಿಗೆ ಎರಡೇ ವೈರು ಹಾಕಿ: ಗ್ರೌಂಡ್ ಮತ್ತು ಬೋರ್ಡಿನ ಟಿಎಕ್ಸ್, ಅಂದರೆ ಅಕ್ಷರ ಕಳಿಸುವ ಪಿನ್. ಅಕ್ಷರ ಪಡೆಯುವ ಆರ್‌ಎಕ್ಸ್ ಪಿನ್ ಹೇಗಿತ್ತೋ ಹಾಗೇ ಇರಲಿ. ಕಾರಣ ಸಾಗರದ ಕಥೆ ಬಂದಾಗ ಹೇಳುತ್ತೇನೆ.

ಪರದೆ ಪೂರ್ತಿ ಖಾಲಿ ಇದ್ದು ಏನೂ ಚಲಿಸದಿದ್ದರೆ ಅದು ಯಾವುದೋ ಹಂತದಲ್ಲಿ ನಿಂತ ಮೇಲೆ ನೀವು ನೋಡುತ್ತಿದ್ದೀರಿ. ಎರಡು ವೈರಿನಲ್ಲಿ ಎಂಟರ್ ಕೀ ಒತ್ತುವುದಕ್ಕೂ ಆಗುವುದಿಲ್ಲ. ಈಗ ಆರ್‌ಎಕ್ಸ್ ವೈರನ್ನೂ ಸೇರಿಸಿ ಒಮ್ಮೆ ಎಂಟರ್ ಒತ್ತಿ. => ಎಂಬ ಗುರುತು ಬಂದರೆ ಪೆಟ್ಟಿಗೆ ಯು-ಬೂಟ್ ಪ್ರಾಂಪ್ಟಿನಲ್ಲಿ ಕೂತು ಯಾರಾದರೂ ಟೈಪ್ ಮಾಡಲಿ ಎಂದು ಕಾಯುತ್ತಿದೆ. ನಮ್ಮ ಎರಡೂ ಪೆಟ್ಟಿಗೆ ಹೀಗೇ ಕೂತಿದ್ದವು. ತೋಟದಲ್ಲಿ ಇಂಬಳ ಬಿಟ್ಟರೆ ಅದರ ಹತ್ತಿರ ಸುಳಿಯುವವರು ಯಾರು?

ಬೇರೆ ಹಂತದಲ್ಲಿ ನಿಂತದ್ದಾದರೆ ಪರದೆಯೇ ಹೇಳುತ್ತದೆ. ಇಂಗ್ಲಿಷ್ ‘ಸಿ’ ಅಕ್ಷರ ಸಾಲಾಗಿ ಬರುತ್ತಿದ್ದರೆ ಎಎಂ335ಎಕ್ಸ್ ಚಿಪ್ಪಿನೊಳಗೇ ಅಚ್ಚಾದ ರೋಮ್ ಕೋಡ್‌ಗೆ ಇಎಂಎಂಸಿಯಲ್ಲೂ ಎಸ್‌ಡಿ ಕಾರ್ಡಿನಲ್ಲೂ ಮೊದಲ ಹಂತದ ಫೈಲ್ ಸಿಕ್ಕಿಲ್ಲ, ಸೀರಿಯಲ್ ಮೂಲಕವಾದರೂ ಕಳಿಸಿ ಎಂದು ಕೇಳುತ್ತಿದೆ. ಇದಕ್ಕೆ ಯು-ಬೂಟ್ ಸೆಟ್ಟಿಂಗ್ ತಿದ್ದಿ ಪ್ರಯೋಜನವಿಲ್ಲ, ಯು-ಬೂಟ್ ಇನ್ನೂ ಹುಟ್ಟಿಯೇ ಇಲ್ಲ. ಎಸ್‌ಪಿಎಲ್ (ಯು-ಬೂಟ್‌ನ ಮೊದಲ ಹಂತದ ಸಣ್ಣ ತುಂಡು) ಹೆಸರು ಬಂದು ಅಲ್ಲಿಗೇ ನಿಂತರೆ ರ್‍ಯಾಮ್ ಅಥವಾ ವೋಲ್ಟೇಜು ನೋಡಿ. ‘ಬೂಟ್‌ಪಿ ಬ್ರಾಡ್‌ಕಾಸ್ಟ್’ ಎಂದು ಸಾಲು ಸಾಲಾಗಿ ಬರುತ್ತಿದ್ದರೆ ಪೆಟ್ಟಿಗೆ ನೆಟ್‌ವರ್ಕಿನಿಂದ ಬೂಟ್ ಆಗಲು ಹೊರಟಿದೆ; ನೆಟ್‌ರಿಟ್ರೈ ಎಂಬ ವೇರಿಯಬಲ್‌ಗೆ ‘ಯೆಸ್’ ಎಂದು ಇಟ್ಟಿದ್ದರೆ ಈ ಪ್ರಯತ್ನ ಮುಗಿಯುವುದೇ ಇಲ್ಲ, ಸುತ್ತು ಸುತ್ತಿ ಮತ್ತೆ ಶುರು. ‘ಸ್ಟಾರ್ಟಿಂಗ್ ಕರ್ನಲ್’ ಎಂದಾದ ಮೇಲೆ ಮೌನವಾದರೆ ಕರ್ನಲ್ (ಲಿನಕ್ಸಿನ ತಿರುಳು) ಸತ್ತಿದೆ ಎಂದೇ ತಿಳಿಯಬೇಕಿಲ್ಲ. ಕನ್ಸೋಲ್ ಹೆಸರು ತಪ್ಪಿದ್ದರೂ ಹೀಗೇ ಕಾಣುತ್ತದೆ. ಈ ಚಿಪ್ಪಿನಲ್ಲಿ ಹಳೆಯ ಡ್ರೈವರ್ ಟಿಟಿವೈಓ0 ಎನ್ನುತ್ತಿತ್ತು, ಹೊಸದು ಟಿಟಿವೈಎಸ್0 ಎನ್ನುತ್ತದೆ. ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂದು ನಿಂತರೆ ಕರ್ನಲ್ ಎದ್ದಿದೆ, ಅದಕ್ಕೆ ಕೊಟ್ಟ ಡಿಸ್ಕಿನ ವಿಳಾಸ ತಪ್ಪಿದೆ.

ತೀರ್ಥಹಳ್ಳಿಯ ಪೆಟ್ಟಿಗೆ

ಪ್ರಾಂಪ್ಟ್ ಸಿಕ್ಕಿತು. ಈಗ ರೀಸೆಟ್ ಎಂದು ಟೈಪ್ ಮಾಡಿ ಮೊದಲಿನಿಂದ ನೋಡಿದೆವು. ಸ್ವಿಚ್ ಆಫ್ ಮಾಡಿದರೂ ಇದು ಏಳುವುದಿಲ್ಲ ಎಂದು ಗೊತ್ತಿತ್ತಲ್ಲ, ಹಾಗಾಗಿ ಸಾಕ್ಷಿ ಅಳಿಸುವ ಭಯ ಇರಲಿಲ್ಲ. ಯು-ಬೂಟ್ ಹೆಸರು, ತಾರೀಖು, ರ್‍ಯಾಮ್ ಲೆಕ್ಕ ಆದ ಮೇಲೆ ಈ ಸಾಲು:

ವಾರ್ನಿಂಗ್ - ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡೀಫಾಲ್ಟ್ ಎನ್ವಿರಾನ್‌ಮೆಂಟ್

ಯು-ಬೂಟ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಎನ್ವಿರಾನ್‌ಮೆಂಟ್ ಎಂಬ ಒಂದು ತುಂಡಿನಲ್ಲಿ ಇಡುತ್ತದೆ. ತುಂಡಿನ ತಲೆಗೆ ಸಿಆರ್‌ಸಿ32 ಮೊತ್ತ. ಓದುವಾಗ ಮೊತ್ತ ತಾಳೆಯಾಗದಿದ್ದರೆ ಇಡೀ ತುಂಡನ್ನು ಬದಿಗಿಟ್ಟು, ಯು-ಬೂಟ್ ಕಟ್ಟುವಾಗ ಅದರೊಳಗೇ ಸೇರಿಸಿದ ಡೀಫಾಲ್ಟ್ ತುಂಡನ್ನು ಬಳಸುತ್ತದೆ. ಇದರಲ್ಲಿ ದೋಷವಿಲ್ಲ. ಕೆಟ್ಟುಹೋದ ಸೆಟ್ಟಿಂಗ್ ನಂಬುವುದಕ್ಕಿಂತ ಇದು ಒಳ್ಳೆಯದು. ನಮ್ಮ ಸಂಕಟ ಶುರುವಾಗುವುದು ಅಲ್ಲಿಂದ ಮುಂದೆ. ತಾನಾಗಿ ಬೂಟ್ ಆಗುವಾಗ ಏನು ಓಡಿಸಬೇಕು ಎಂದು ಹೇಳುವ ವೇರಿಯಬಲ್ ಬೂಟ್‌ಸಿಎಂಡಿ. ಪ್ರಿಂಟ್‌ಎನ್ವ್ ಬೂಟ್‌ಸಿಎಂಡಿ ಎಂದಾಗ ಬಂದದ್ದು:

ಬೂಟ್‌ಸಿಎಂಡಿ=ರನ್ ಎಸ್‌ಡಿಬೂಟ್ ಇಎಂಎಂಸಿಬೂಟ್

ಓದಿದರೆ ಸರಿಯಾಗೇ ಕಾಣುತ್ತದೆ. ಮೊದಲು ಎಸ್‌ಡಿ ಕಾರ್ಡ್ ನೋಡು, ಇಲ್ಲದಿದ್ದರೆ ಇಎಂಎಂಸಿಗೆ ಹೋಗು. ನಾನೂ ಹಾಗೇ ಓದಿ ಒಂದು ಗಂಟೆ ಇಎಂಎಂಸಿಯನ್ನೇ ಅನುಮಾನಿಸಿದೆ. ಆದರೆ ಯು-ಬೂಟ್‌ನ ರನ್ ಕಮಾಂಡಿಗೆ ಒಂದು ನಿಯಮ ಇದೆ: ಒಂದೇ ರನ್‌ಗೆ ಹಲವು ಹೆಸರು ಕೊಟ್ಟರೆ, ಯಾವುದಾದರೂ ಒಂದು ಸೋತ ಕೂಡಲೇ ರನ್ ಅಲ್ಲಿಗೇ ನಿಲ್ಲುತ್ತದೆ, ಉಳಿದ ಹೆಸರುಗಳನ್ನು ಮುಟ್ಟುವುದೇ ಇಲ್ಲ. ತೋಟದ ಪೆಟ್ಟಿಗೆಯಲ್ಲಿ ಎಸ್‌ಡಿ ಕಾರ್ಡ್ ಇಲ್ಲ. ಎಸ್‌ಡಿಬೂಟ್ ಸೋತಿತು, ಇಎಂಎಂಸಿಬೂಟ್‌ಗೆ ಸರದಿಯೇ ಬರಲಿಲ್ಲ, ಪ್ರಾಂಪ್ಟಿಗೆ ಬಂದು ಕೂತಿತು. ಅದನ್ನೇ ಸೆಮಿಕೋಲನ್ ಇಟ್ಟು ಎರಡು ಬೇರೆ ರನ್ ಆಗಿ ಬರೆದರೆ ಮೊದಲನೆಯದು ಸೋತರೂ ಎರಡನೆಯದು ಓಡುತ್ತದೆ:

ರನ್ ಎಸ್‌ಡಿಬೂಟ್; ರನ್ ಇಎಂಎಂಸಿಬೂಟ್

ಒಂದು ಖಾಲಿ ಜಾಗಕ್ಕೂ ಒಂದು ಸೆಮಿಕೋಲನ್‌ಗೂ ಇಷ್ಟು ವ್ಯತ್ಯಾಸ.

ಹಾಗಿದ್ದರೆ ಇಷ್ಟು ದಿನ ಓಡಿದ್ದು ಹೇಗೆ? ಇದು ನಮ್ಮ ಮುಖಕ್ಕೆ ಮಸಿ ಬಳಿದ ಪ್ರಶ್ನೆ. ಮೊದಲ ಪೆಟ್ಟಿಗೆ ಕಟ್ಟಿದ ದಿನವೇ ಮೇಜಿನ ಮೇಲೆ ಈ ತೊಂದರೆ ಬಂದಿತ್ತು. ಗೆಳೆಯ ಪ್ರಾಂಪ್ಟಿನಲ್ಲೇ ಬೂಟ್‌ಸಿಎಂಡಿಯನ್ನು ಬರೀ ‘ರನ್ ಇಎಂಎಂಸಿಬೂಟ್’ ಎಂದು ತಿದ್ದಿ ಸೇವ್‌ಎನ್ವ್ ಹೊಡೆದು, ಕೆಲಸ ಆಯಿತು ಎಂದು ಚಹಾಕ್ಕೆ ಎದ್ದಿದ್ದ. ಅದೇ ಇಎಂಎಂಸಿಯ ನಕಲು ತೆಗೆದು ಉಳಿದ ಪೆಟ್ಟಿಗೆಗಳಿಗೆಲ್ಲ ಹಾಕಿದೆವು. ಸೇವ್ ಮಾಡಿದ್ದು ಸರಿ ಇರುವವರೆಗೆ ಒಳಗಿನ ಡೀಫಾಲ್ಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಹೊರಗೆ ಬರುವುದು ಸೇವ್ ಮಾಡಿದ್ದು ಕೆಟ್ಟ ರಾತ್ರಿ ಮಾತ್ರ.

ಸೇವ್ ಮಾಡಿದ್ದು ಕೆಟ್ಟದ್ದು ಯಾಕೆ ಎನ್ನುವುದು ಮುಂದಿನ ಗಂಟು. ನಮ್ಮ ಪ್ರೋಗ್ರಾಮು ಪ್ರತಿ ಸಲ ಎದ್ದಾಗಲೂ ಎಫ್‌ಡಬ್ಲ್ಯು_ಸೆಟ್‌ಎನ್ವ್ (ಲಿನಕ್ಸ್ ಕಡೆಯಿಂದ ಎನ್ವಿರಾನ್‌ಮೆಂಟ್ ತಿದ್ದುವ ಕಮಾಂಡ್) ಬಳಸಿ ಎಷ್ಟನೇ ಸಲ ಎದ್ದಿದ್ದೇನೆ ಎಂಬ ಎಣಿಕೆಯನ್ನು ಅದೇ ಎನ್ವಿರಾನ್‌ಮೆಂಟಿಗೆ ಬರೆಯುತ್ತಿತ್ತು. ದಿನಕ್ಕೊಂದು ಸಲ ಎದ್ದರೆ ತೊಂದರೆ ಇರಲಿಲ್ಲ. ಆದರೆ ಎರಡು ದಿನ ಕರೆಂಟ್ ಇಲ್ಲದೆ ಬ್ಯಾಟರಿ ಬತ್ತುವಾಗ ನಡೆಯುವುದೇ ಬೇರೆ. ಮೋಡೆಮ್ ಸಿಗ್ನಲ್ ಹುಡುಕಲು ಜೋರಾಗಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿದು ಬೋರ್ಡು ಬೀಳುತ್ತದೆ. ಭಾರ ಇಳಿದ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಬೋರ್ಡು ಮತ್ತೆ ಏಳುತ್ತದೆ, ಎಣಿಕೆ ಬರೆಯುತ್ತದೆ, ಮೋಡೆಮ್ ಹಚ್ಚುತ್ತದೆ, ಮತ್ತೆ ಬೀಳುತ್ತದೆ. ನಡುರಾತ್ರಿಯಲ್ಲಿ ಗಂಟೆಗಟ್ಟಲೆ ಈ ಏಳುಬೀಳು. ಅದರಲ್ಲಿ ಒಂದು ಬೀಳು ಬರೆಯುವ ಮಧ್ಯಕ್ಕೇ ಸರಿಯಾಗಿ ಬಿದ್ದರೆ ಅರ್ಧ ಹಳೆಯದು ಅರ್ಧ ಹೊಸದು. ಸಿಆರ್‌ಸಿ ತಾಳೆ ಆಗುವುದಾದರೂ ಹೇಗೆ?

ಇದನ್ನು ಕಾಯಲು ಯು-ಬೂಟ್‌ನಲ್ಲೇ ದಾರಿ ಇದೆ. ಎನ್ವಿರಾನ್‌ಮೆಂಟಿನ ಎರಡು ಪ್ರತಿ ಇಡುವ ಆಯ್ಕೆಯನ್ನು ಹಾಕಿಕೊಂಡರೆ ಪ್ರತಿ ಸಲ ಬರೆಯುವಾಗ ಬೇರೆ ಪ್ರತಿಗೆ ಬರೆಯುತ್ತದೆ, ಒಂದು ಅರ್ಧಕ್ಕೆ ನಿಂತರೂ ಇನ್ನೊಂದು ಉಳಿದಿರುತ್ತದೆ. (ಹಳೆಯ ಆವೃತ್ತಿಗಳಲ್ಲಿ ಈ ಆಯ್ಕೆಯ ಹೆಸರಿನಲ್ಲಿ ಕೊನೆಯ ಅಕ್ಷರವೇ ಕಾಗುಣಿತ ತಪ್ಪು: ರಿಡಂಡಂಟ್ ಎನ್ನುವಲ್ಲಿ ರಿಡಂಡಂಡ್. ಸರಿಯಾದ ಕಾಗುಣಿತದಲ್ಲಿ ಹುಡುಕಿದವನಿಗೆ ಸಿಗುವುದಿಲ್ಲ. ನನಗೂ ಸಿಗಲಿಲ್ಲ.) ಆದರೆ ತೋಟದಲ್ಲಿ ಈಗಾಗಲೇ ಇರುವ ಪೆಟ್ಟಿಗೆಗೆ ಇದನ್ನು ಹಾಕುವಾಗ ಜೋಕೆ. ಒಂದೇ ಪ್ರತಿ ಇದ್ದಾಗ ತಲೆಯಲ್ಲಿ ಸಿಆರ್‌ಸಿಯ 4 ಬೈಟ್ ಮಾತ್ರ, ಎರಡು ಪ್ರತಿ ಇದ್ದಾಗ ಯಾವುದು ಹೊಸದು ಎಂದು ಹೇಳಲು ಇನ್ನೊಂದು ಬೈಟ್ ಸೇರಿ 5. ಹೊಸ ಯು-ಬೂಟ್ ಹಾಕಿದ ಕೂಡಲೇ ಹಳೆಯ ಸೇವ್ ಮಾಡಿದ್ದು ಅದರ ಕಣ್ಣಿಗೆ ಕೆಟ್ಟದ್ದಾಗಿ ಕಾಣುತ್ತದೆ. ಮೊದಲ ಬೂಟ್ ಡೀಫಾಲ್ಟಿನಲ್ಲೇ ನಡೆಯುತ್ತದೆ. ಡೀಫಾಲ್ಟ್ ಸರಿ ಮಾಡದೆ ಎರಡು ಪ್ರತಿ ಹಾಕಲು ಹೋದರೆ ಗುಣವಾಗಬೇಕಾದ ಪೆಟ್ಟಿಗೆ ಅವತ್ತೇ ಮಲಗುತ್ತದೆ. ಲಿನಕ್ಸ್ ಕಡೆಯ ಎಫ್‌ಡಬ್ಲ್ಯು_ಎನ್ವ್ ಸಂರಚನಾ ಫೈಲಿನಲ್ಲೂ ಒಂದರ ಬದಲು ಎರಡು ಸಾಲು ಬೇಕು, ಜಾಗದ ಅಂಕಿ ಮತ್ತು ಅಳತೆ ಯು-ಬೂಟ್‌ನಲ್ಲಿ ಇರುವುದೇ ಆಗಿರಬೇಕು. ಅಂಕಿ ತಪ್ಪಿದರೆ ಅದು ತನಗೆ ತೋಚಿದ ಜಾಗದಲ್ಲಿ ಬರೆದುಕೊಂಡು ಎಲ್ಲ ಸರಿ ಇದೆ ಎಂದು ಕೂರುತ್ತದೆ. ಯು-ಬೂಟ್‌ಗೆ ಅದರ ಸುದ್ದಿಯೇ ಇರುವುದಿಲ್ಲ.

ಇನ್ನು ಎಣಿಕೆಯ ವಿಷಯ. ಪ್ರತಿ ಬೂಟಿಗೂ ಎನ್ವಿರಾನ್‌ಮೆಂಟ್ ಬರೆಯುವ ಅಭ್ಯಾಸವನ್ನೇ ಬಿಟ್ಟೆವು. ಯು-ಬೂಟ್‌ನ ಬೂಟ್‌ಕೌಂಟ್ ಸೌಲಭ್ಯ ಇದಕ್ಕೆಂದೇ ಇದೆ. ಎನ್ವಿರಾನ್‌ಮೆಂಟಿನಲ್ಲಿ ಎಣಿಕೆ ಇಡುವ ಬಗೆಯನ್ನು ಆರಿಸಿದರೆ ಅಪ್‌ಗ್ರೇಡ್_ಅವೈಲಬಲ್ ಎಂಬ ವೇರಿಯಬಲ್ ಇಟ್ಟಾಗ ಮಾತ್ರ ಬರೆಯುತ್ತದೆ, ಉಳಿದ ದಿನ ಸುಮ್ಮನಿರುತ್ತದೆ. ಎಣಿಕೆ ಬೂಟ್‌ಲಿಮಿಟ್ ದಾಟಿದರೆ ಬೂಟ್‌ಸಿಎಂಡಿ ಬದಲು ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ. ಈ ಚಿಪ್ಪಿನ ಆರ್‌ಟಿಸಿ (ಒಳಗಿನ ಗಡಿಯಾರ) ರಿಜಿಸ್ಟರಿನಲ್ಲಿ ಎಣಿಕೆ ಇಡುವ ಇನ್ನೊಂದು ಬಗೆಯೂ ಇದೆ, ಬರೆದು ಸವೆಯುವ ಭಯ ಅದಕ್ಕಿಲ್ಲ. ಆದರೆ ಆರ್‌ಟಿಸಿಗೆ ಬೇರೆ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಎಣಿಕೆಯೂ ಹೋಗುತ್ತದೆ. ಮಲೆನಾಡಿನಲ್ಲಿ ನಮ್ಮ ವೈರಿ ಕರೆಂಟ್ ಹೋಗುವುದೇ ಆದ್ದರಿಂದ ಅದನ್ನು ಕೈಬಿಟ್ಟೆವು.

ಸಾಗರದ ಪೆಟ್ಟಿಗೆ

ಇಲ್ಲಿ ಸಿಆರ್‌ಸಿ ಸರಿ ಇತ್ತು. ಬೂಟ್‌ಸಿಎಂಡಿ ಸರಿ ಇತ್ತು. ಸೀರಿಯಲ್ ಹಾಕಿಕೊಂಡು ಇಪ್ಪತ್ತು ಸಲ ಸ್ವಿಚ್ ಒತ್ತಿದೆವು, ಇಪ್ಪತ್ತೂ ಸಲ ಚೆನ್ನಾಗಿ ಎದ್ದಿತು. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಜ್ವರ ಇಳಿದ ಮಗುವಿನ ಹಾಗೆ. ಊಟ ಮಾಡಿ, ಪೆಟ್ಟಿಗೆ ಮುಚ್ಚಿ, ಶಿವಮೊಗ್ಗಕ್ಕೆ ಬಂದೆವು. ನಾಲ್ಕನೇ ದಿನಕ್ಕೆ ಮತ್ತೆ ಮಲಗಿತು.

ಎರಡನೇ ಸಲ ಹೋದಾಗ ಗೆಳೆಯನ ಕಣ್ಣಿಗೆ ಬಿದ್ದದ್ದು ಒಂದು ವೈರು. ಮೊದಲ ಸಲ ಅಳವಡಿಸಿದಾಗ ಸೀರಿಯಲ್ ಪಿನ್ನಿಗೆ ಹಾಕಿದ್ದ ಸುಮಾರು ಒಂದು ಮೀಟರ್ ಉದ್ದದ ಮೂರೆಳೆ ವೈರನ್ನು, ಮುಂದೆ ಬೇಕಾದೀತು ಎಂದು ತೆಗೆಯದೆ, ತುದಿಗೆ ಟೇಪು ಸುತ್ತಿ ಪೆಟ್ಟಿಗೆಯೊಳಗೆ ಮೋಡೆಮಿನ ಆಂಟೆನಾ ಪಕ್ಕಕ್ಕೇ ಮಡಚಿ ಇಟ್ಟಿದ್ದೆವು. ಸೀರಿಯಲ್ ಲೈನು ಸುಮ್ಮನಿರುವಾಗ ಮೇಲಿನ ವೋಲ್ಟೇಜಿನಲ್ಲಿ ಇರಬೇಕು. ಕೆಳಗೆ ಇಳಿದರೆ ಅಕ್ಷರ ಶುರುವಾಯಿತು ಎಂದು ಚಿಪ್ಪು ತಿಳಿಯುತ್ತದೆ. ನಮ್ಮ ಬೋರ್ಡಿನಲ್ಲಿ ಆರ್‌ಎಕ್ಸ್ ಪಿನ್ನನ್ನು ಮೇಲಕ್ಕೆ ಎಳೆದು ಹಿಡಿಯುವ ರೆಸಿಸ್ಟರ್ ಇರಲಿಲ್ಲ. ನಕ್ಷೆ ಬರೆದವನು ನಾನೇ. ತೇಲುವ ಪಿನ್ನು, ಅದಕ್ಕೊಂದು ಮೀಟರ್ ಆಂಟೆನಾ, ಪಕ್ಕದಲ್ಲಿ ಮೋಡೆಮ್. ಯು-ಬೂಟ್ ‘ಹಿಟ್ ಎನಿ ಕೀ’ ಎಂದು ಎರಡು ಸೆಕೆಂಡ್ ಕಾಯುವಾಗ ಒಂದು ಗದ್ದಲದ ಅಕ್ಷರ ನುಗ್ಗಿದರೆ ಸಾಕು, ಯಾರೋ ಕೀ ಒತ್ತಿದರು ಎಂದು ಬೂಟ್ ನಿಲ್ಲಿಸಿ ಪ್ರಾಂಪ್ಟಿಗೆ ಬರುತ್ತದೆ.

ನಾವು ಅಡಾಪ್ಟರ್ ಹಾಕಿದ ಕ್ಷಣ ಅದು ಆರ್‌ಎಕ್ಸ್ ಲೈನನ್ನು ಮೇಲೆ ಹಿಡಿದು ನಿಲ್ಲಿಸುತ್ತಿತ್ತು. ಪರೀಕ್ಷೆ ಮಾಡುವ ಸಾಧನವೇ ರೋಗ ವಾಸಿ ಮಾಡುತ್ತಿತ್ತು. ಎರಡೇ ವೈರು ಹಾಕಿ ಎಂದು ಮೇಲೆ ಹೇಳಿದ್ದು ಇದಕ್ಕೆ. ಹಾಗೆ ಮಾಡಿ ಕೂತ ಮೇಲೆ, ಒಂಬತ್ತನೇ ಸಲಕ್ಕೆ, ಕಾಯುವ ಸೆಕೆಂಡಿನ ಎಣಿಕೆ 1ಕ್ಕೆ ಬಂದು ನಿಂತು => ಗುರುತು, ಅದರ ಮುಂದೆ ಅರ್ಥವಿಲ್ಲದ ಎರಡು ಚಿಹ್ನೆ ಕಾಣಿಸಿದವು. ಪ್ರಾಂಪ್ಟಿನ ಮುಂದೆ ಇಂಥ ಕಸ ಕಂಡರೆ ಬೇರೇನೂ ಹುಡುಕಬೇಡಿ.

ಆರ್‌ಎಕ್ಸ್ ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೋ ಓಮ್ ರೆಸಿಸ್ಟರ್ ಬೆಸುಗೆ ಹಾಕಿದ್ದು, ವೈರು ಕಿತ್ತು ಎಸೆದದ್ದು, ಇದು ಹಾರ್ಡ್‌ವೇರ್ ಕಡೆ. ಆದರೆ ರೆಸಿಸ್ಟರ್ ಒಂದನ್ನೇ ನಂಬಬಾರದು. ತೇವ ಕುಡಿದ ಬೋರ್ಡಿನಲ್ಲಿ ನಾಳೆ ಇನ್ನೇನೋ ಆದೀತು. ಸೆಟ್ಟಿಂಗಿನಲ್ಲೂ ತಡೆ ಬೇಕು. ಬೂಟ್‌ಡಿಲೇ ಬೆಲೆಗಳನ್ನು ಇಲ್ಲಿ ಸರಿಯಾಗಿ ತಿಳಿದುಕೊಳ್ಳಿ. ಏನೂ ಹೇಳದಿದ್ದರೆ ಯು-ಬೂಟ್ 2 ಸೆಕೆಂಡ್ ಕಾಯುತ್ತದೆ. 0 ಎಂದರೆ ಕಾಯುವುದಿಲ್ಲ, ಆದರೆ ಆ ಹೊತ್ತಿಗೆ ಅಕ್ಷರ ಬಂದು ಕೂತಿದ್ದರೆ ನಿಲ್ಲುತ್ತದೆ. ಆದ್ದರಿಂದ 0 ಹಾಕಿದರೆ ಗದ್ದಲದಿಂದ ಪಾರು ಎಂದುಕೊಳ್ಳುವುದು ತಪ್ಪು. -2 ಎಂದರೆ ಕಾಯುವುದೂ ಇಲ್ಲ, ಕೀ ನೋಡುವುದೂ ಇಲ್ಲ. -1 ಎಂದರೆ ತಾನಾಗಿ ಬೂಟ್ ಆಗುವುದೇ ಬೇಡ. -1ನ್ನು -2 ಎಂದುಕೊಂಡು ಹಾಕಿದರೆ ಪೆಟ್ಟಿಗೆ ಶಾಶ್ವತವಾಗಿ ಮಲಗಿದ ಹಾಗೆ.

ಕೆಲವರು ಕಣ್ಣುಮುಚ್ಚಿ -2 ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಮುಂದೊಂದು ದಿನ ಇಎಂಎಂಸಿ ಕೈಕೊಟ್ಟಾಗ ಒಳಗೆ ಹೋಗಲು ನಮಗೇ ಬಾಗಿಲು ಇರುವುದಿಲ್ಲ. ಯು-ಬೂಟ್‌ನಲ್ಲಿ ಆಟೋಬೂಟ್ ಕೀಡ್ ಎಂಬ ಆಯ್ಕೆ ಇದೆ: ಯಾವುದೋ ಒಂದು ಕೀ ಅಲ್ಲ, ನಾವು ಇಟ್ಟ ಪೂರ್ತಿ ಪದವನ್ನೇ ಟೈಪ್ ಮಾಡಿದರೆ ಮಾತ್ರ ನಿಲ್ಲುತ್ತದೆ. ಗದ್ದಲ ಅಷ್ಟು ಅಕ್ಷರವನ್ನು ಸರಿಯಾದ ಕ್ರಮದಲ್ಲಿ ಟೈಪ್ ಮಾಡಲಾರದು. ಅದರ ಮೇಲೆ ಬೂಟ್ ರಿಟ್ರೈ ಆಯ್ಕೆಯನ್ನೂ ಹಾಕಿದೆವು. ಹೇಗೋ ಪ್ರಾಂಪ್ಟಿಗೆ ಬಂದು ಕೂತರೂ, ಇಟ್ಟಷ್ಟು ಸೆಕೆಂಡ್ ಯಾರೂ ಟೈಪ್ ಮಾಡದಿದ್ದರೆ ತಾನೇ ಮತ್ತೆ ಬೂಟ್ ಆಗಲು ಹೊರಡುತ್ತದೆ. ನಾವು 60 ಇಟ್ಟಿದ್ದೇವೆ.

ಡೀಫಾಲ್ಟ್ ಬರೆಯುವಾಗ

ಯು-ಬೂಟ್ 2002ರಲ್ಲಿ ಪಿಪಿಸಿಬೂಟ್ ಎಂಬ ಹಳೆಯ ಹೆಸರು ಕಳಚಿಕೊಂಡು ಹುಟ್ಟಿದ್ದು. ವೋಲ್ಫ್‌ಗಾಂಗ್ ಡೆಂಕ್ ಕಟ್ಟಿ ಬೆಳೆಸಿದ ತಂತ್ರಾಂಶ. ಬೋರ್ಡುಗಳ ಜೊತೆ ಬರುವ ಡೀಫಾಲ್ಟ್‌ಗಳು ಇವತ್ತಿಗೂ ಮೇಜಿನ ಮುಂದೆ ಕೂತ ಎಂಜಿನಿಯರಿಗೆ ಅನುಕೂಲವಾಗುವಂತೆ ಇರುತ್ತವೆ: ಎರಡು ಸೆಕೆಂಡ್ ಕಾಯಲಿ, ಎಸ್‌ಡಿ ಹಾಕಿದರೆ ಅದರಿಂದ ಏಳಲಿ, ಏನೂ ಸಿಗದಿದ್ದರೆ ನೆಟ್‌ವರ್ಕಿನಲ್ಲಿ ಹುಡುಕಲಿ, ಕೊನೆಗೆ ಪ್ರಾಂಪ್ಟಿಗೆ ಬರಲಿ. ಮೇಜಿಗೆ ಇದು ಸರಿ. ಹೊಳೆಯಾಚೆಯ ತೋಟಕ್ಕೆ ಪ್ರತಿಯೊಂದೂ ತಪ್ಪು.

ನಾವು ಈಗ ಬೂಟ್‌ಸಿಎಂಡಿಯನ್ನು ಪ್ರಾಂಪ್ಟಿನಲ್ಲಿ ತಿದ್ದುವುದೇ ಇಲ್ಲ. ಯು-ಬೂಟ್ ಮೂಲದಲ್ಲಿ ಬೋರ್ಡಿನ ಫೋಲ್ಡರಿನಲ್ಲಿರುವ ಎನ್ವ್ ಫೈಲಿನಲ್ಲಿ ಬರೆದು, ಕಟ್ಟಿ, ಹಾಕುತ್ತೇವೆ. ಅದರ ಸಾರ ಇಷ್ಟು:

ರನ್ ಇಎಂಎಂಸಿಬೂಟ್; ರನ್ ಹಳೆಬೂಟ್; ಸ್ಲೀಪ್ 30; ರೀಸೆಟ್

ಹಳೆಬೂಟ್ ಎಂಬುದು ನಾವಿಟ್ಟ ಹೆಸರು. ಇಎಂಎಂಸಿಯ ಇನ್ನೊಂದು ಪಾರ್ಟಿಷನ್ನಿನಲ್ಲಿ ಹಿಂದಿನ ಆವೃತ್ತಿಯ ಕರ್ನಲ್ ಇದೆ, ಮೊದಲನೆಯದು ಓದಲು ಆಗದಿದ್ದರೆ ಅದು. ಎರಡೂ ಆಗದಿದ್ದರೆ 30 ಸೆಕೆಂಡ್ ಬಿಟ್ಟು ರೀಸೆಟ್. ಬೂಟ್ ಆದರೆ ಕರ್ನಲ್ ಎದ್ದು ಯು-ಬೂಟ್‌ಗೆ ವಾಪಸ್ ಬರುವುದಿಲ್ಲ, ಹಾಗಾಗಿ ಮುಂದಿನ ಸಾಲು ತಲುಪಿತು ಎಂದರೆ ಹಿಂದಿನದು ಸೋತಿದೆ ಎಂದೇ ಅರ್ಥ. ಕೊನೆಯ ಆ ರೀಸೆಟ್ ಇಲ್ಲದ ಬೂಟ್‌ಸಿಎಂಡಿ ಯಾವುದೇ ಇರಲಿ, ಸೋತಾಗ ಪ್ರಾಂಪ್ಟಿಗೆ ಬಂದು ಬೀಳುತ್ತದೆ. ವೋಲ್ಟೇಜ್ ಸರಿ ಇಲ್ಲದ ಕಾರಣಕ್ಕೆ ಇಎಂಎಂಸಿ ಒಮ್ಮೆ ಉತ್ತರ ಕೊಡದಿದ್ದರೂ ಅರ್ಧ ನಿಮಿಷದ ನಂತರ ಕೊಟ್ಟೀತು. ಸ್ಲೀಪ್ ಇಟ್ಟದ್ದು ಆ ಆಸೆಗೆ. ಎಸ್‌ಡಿಯನ್ನು ಕ್ರಮದಿಂದಲೇ ತೆಗೆದೆವು. ಯಾರೋ ಫೋಟೊ ಇದ್ದ ಕಾರ್ಡನ್ನು ತೂರಿಸಿದರೆ ಅದರಲ್ಲಿ ಕರ್ನಲ್ ಹುಡುಕುವ ಗೊಡವೆ ಬೇಡ. ನೆಟ್‌ವರ್ಕ್ ಬೂಟ್ ಕೂಡ ಹೋಯಿತು.

ಕರ್ನಲ್‌ಗೆ ಕೊಡುವ ಸಾಲಿನಲ್ಲಿ ರೂಟ್ ಡಿಸ್ಕನ್ನು ಎಂಎಂಸಿಬಿಎಲ್‌ಕೆ0, ಎಂಎಂಸಿಬಿಎಲ್‌ಕೆ1 ಎಂಬ ಸಂಖ್ಯೆಯಿಂದ ಹೆಸರಿಸದೆ ಪಾರ್ಟ್‌ಯುಯುಐಡಿಯಿಂದ (ಪಾರ್ಟಿಷನ್ನಿನದೇ ಗುರುತು; ಈ ಹೆಸರನ್ನು ಮಾತ್ರ ದೊಡ್ಡಕ್ಷರದಲ್ಲಿ ಹೊಡೆಯಬೇಕು) ಹೆಸರಿಸಿ. ಯು-ಬೂಟ್ ಎಣಿಸುವ ಕ್ರಮವೂ ಲಿನಕ್ಸ್ ಎಣಿಸುವ ಕ್ರಮವೂ ಒಂದೇ ಇರುತ್ತದೆ ಎನ್ನುವಂತಿಲ್ಲ, ಎಸ್‌ಡಿ ಕಾರ್ಡ್ ಇದ್ದಾಗ ಒಂದು, ಇಲ್ಲದಾಗ ಒಂದು ಆಗಬಹುದು. ಯು-ಬೂಟ್‌ನ ಪಾರ್ಟ್ ಯುಯುಐಡಿ ಕಮಾಂಡ್ ಬೂಟ್ ಹೊತ್ತಿನಲ್ಲೇ ಆ ಗುರುತನ್ನು ಓದಿ ವೇರಿಯಬಲ್‌ಗೆ ಹಾಕಿಕೊಡುತ್ತದೆ. ಜೊತೆಗೆ ಪ್ಯಾನಿಕ್=10 ಸೇರಿಸಿ; ಇಲ್ಲದಿದ್ದರೆ ಪ್ಯಾನಿಕ್ ಆದ, ಅಂದರೆ ಮುಂದೆ ಓಡಲಾಗದೆ ಕೈಚೆಲ್ಲಿದ ಕರ್ನಲ್ ತಾನಾಗಿ ರೀಬೂಟ್ ಆಗುವುದಿಲ್ಲ. ರೂಟ್‌ವೇಟ್ ಇದ್ದರೆ ಡಿಸ್ಕಿಗಾಗಿ ಕೊನೆಯಿಲ್ಲದೆ ಕಾಯುತ್ತದೆ, ಅದು ಪ್ಯಾನಿಕ್ ಅಲ್ಲ, ಆದ್ದರಿಂದ ಹತ್ತು ಸೆಕೆಂಡಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಯು-ಬೂಟ್‌ನಲ್ಲೇ ಹಾರ್ಡ್‌ವೇರ್ ವಾಚ್‌ಡಾಗ್ (ಹೊತ್ತಿಗೆ ಸರಿಯಾಗಿ ಯಾರೂ ತಟ್ಟದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಗಡಿಯಾರ) ಹಚ್ಚಿ ಕಳಿಸಬೇಕು. ನಮ್ಮ ಪ್ರೋಗ್ರಾಮು ಎದ್ದು ಅದನ್ನು ತಟ್ಟುವವರೆಗೆ ಗಡಿಯಾರ ಓಡುತ್ತಲೇ ಇರಲಿ.

ಡೀಫಾಲ್ಟ್ ತಿದ್ದಿ ಹೊಸ ಯು-ಬೂಟ್ ಹಾಕಿದ ಮೇಲೂ ಪೆಟ್ಟಿಗೆ ಹಳೆಯ ಬೂಟ್‌ಸಿಎಂಡಿಯನ್ನೇ ಓಡಿಸುವುದು ಕಂಡರೆ ಗಾಬರಿ ಬೇಡ. ಸೇವ್ ಮಾಡಿದ ತುಂಡು ಇನ್ನೂ ಸರಿ ಇದೆ, ಅದಕ್ಕೇ ಮೊದಲ ಮಣೆ. ಎನ್ವ್ ಡೀಫಾಲ್ಟ್ -ಎ, ಆಮೇಲೆ ಸೇವ್‌ಎನ್ವ್ ಹೊಡೆದರೆ ಹೊಸದು ನಿಲ್ಲುತ್ತದೆ. ಆದರೆ ಹಾಗೆ ಮಾಡಿದಾಗ ಅದರಲ್ಲಿ ನೀವು ಇಟ್ಟ ಬೇರೆ ಸಂಗತಿಯೂ ಅಳಿಯುತ್ತದೆ. ನಾವು ಮಳೆಮಾಪಕದ ಗುರುತಿನ ಸಂಖ್ಯೆಯನ್ನು ಅಲ್ಲೇ ಇಟ್ಟಿದ್ದೆವು. ಎರಡು ತೋಟದ ಮಳೆ ಒಂದೇ ಹೆಸರಿನಲ್ಲಿ ಬಂದು ಅರ್ಧ ದಿನ ಗೊಂದಲ. ಇದಕ್ಕಿಂತ ಗಟ್ಟಿ ದಾರಿ ಎಂದರೆ ಸೇವ್ ಮಾಡಿದ ತುಂಡಿನಿಂದ ಯಾವ ಯಾವ ವೇರಿಯಬಲ್ ಮಾತ್ರ ಓದಬೇಕು ಎಂದು ಯು-ಬೂಟ್ ಕಟ್ಟುವಾಗಲೇ ಪಟ್ಟಿ ಕೊಡುವ ಆಯ್ಕೆ. ನಮ್ಮ ಪಟ್ಟಿಯಲ್ಲಿ ಬೂಟ್‌ಕೌಂಟ್, ಅಪ್‌ಗ್ರೇಡ್_ಅವೈಲಬಲ್ ಎರಡೇ. ಬೂಟ್‌ಸಿಎಂಡಿಯನ್ನು ಇನ್ನು ಯಾರು ಎಲ್ಲಿ ಸೇವ್ ಮಾಡಿದರೂ ಪೆಟ್ಟಿಗೆ ಕೇಳುವುದಿಲ್ಲ.

ಮೇಜಿನ ಮೇಲೆ ಕೆಡಿಸಿ ನೋಡುವುದು

ಡೀಫಾಲ್ಟ್ ಸರಿ ಇದೆಯೇ ಎಂದು ತಿಳಿಯಲು ಏನನ್ನೂ ಅಳಿಸಬೇಕಿಲ್ಲ. ಪ್ರಾಂಪ್ಟಿನಲ್ಲಿ ಎನ್ವ್ ಡೀಫಾಲ್ಟ್ -ಎ ಎಂದು ಟೈಪ್ ಮಾಡಿ, ಸೇವ್ ಮಾಡದೆ, ಬೂಟ್ ಎನ್ನಿ. ಎದ್ದರೆ ಸರಿ. ಹತ್ತು ಸೆಕೆಂಡಿನ ಈ ಕೆಲಸವನ್ನು ಮೊದಲ ಪೆಟ್ಟಿಗೆಯ ದಿನ ಮಾಡಿದ್ದರೆ ತೀರ್ಥಹಳ್ಳಿ ದಾರಿಯ ಪೆಟ್ರೋಲ್ ಉಳಿಯುತ್ತಿತ್ತು.

ಆಮೇಲೆ ನಿಜವಾಗಿ ಕೆಡಿಸಿ. ಎನ್ವ್ ಇರೇಸ್ ಹೊಡೆದು, ಸೀರಿಯಲ್ ವೈರು ಕಿತ್ತು, ಎಸ್‌ಡಿ ಕಾರ್ಡ್ ಒಮ್ಮೆ ಇಟ್ಟು ಒಮ್ಮೆ ತೆಗೆದು, ಪವರ್ ಹಾಕಿ. ಕರ್ನಲ್ ಫೈಲಿನ ಹೆಸರು ಬದಲಿಸಿ ಹಳೆಬೂಟ್ ಏಳುತ್ತದೆಯೇ ನೋಡಿ. ನಾವು ಒಂದು ರಿಲೇ ಕಟ್ಟಿ, 12 ವೋಲ್ಟಿನ ಲೈನನ್ನು ಯಾವ್ಯಾವುದೋ ಹೊತ್ತಿನಲ್ಲಿ ಕಡಿದು ಜೋಡಿಸುವಂತೆ ಮಾಡಿ, ರಾತ್ರಿಯಿಡೀ ಬಿಟ್ಟೆವು. ಬ್ಯಾಟರಿ ಬತ್ತುವ ರಾತ್ರಿಯ ಏಳುಬೀಳಿಗೆ ಇದಕ್ಕಿಂತ ಹತ್ತಿರದ ನಕಲು ಸಿಗಲಿಲ್ಲ. ಆ ರಾತ್ರಿ ಎರಡು ಪ್ರತಿಗಳಲ್ಲಿ ಒಂದು ಕೆಟ್ಟದ್ದು ಬೆಳಗ್ಗೆ ಕಂಡಿತು, ಇನ್ನೊಂದರಲ್ಲಿ ಪೆಟ್ಟಿಗೆ ಓಡುತ್ತಿತ್ತು. ಬ್ಯಾಟರಿ ಕಡೆಯಿಂದಲೂ ಒಂದು ತಿದ್ದುಪಡಿ ಬೇಕಾಯಿತು: ಒಮ್ಮೆ ಕಡಿದ ಮೇಲೆ ವೋಲ್ಟೇಜ್ ಚೆನ್ನಾಗಿ ಏರುವವರೆಗೆ ಮತ್ತೆ ಜೋಡಿಸದ ಕಂಟ್ರೋಲರ್ ಹಾಕಿದೆವು.

ಈಗ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಲ್ಯಾಮಿನೇಟ್ ಮಾಡಿದ ಒಂದು ಚೀಟಿ ಅಂಟಿಸಿದ್ದೇವೆ. ಪೆಟ್ಟಿಗೆ ಮಲಗಿದರೆ ಮೊದಲು ಫೋನ್ ಮಾಡಿ, ಸ್ವಿಚ್ ಆಮೇಲೆ. ಯಾವ ದೀಪ ಉರಿಯುತ್ತಿದೆ, ಯಾವುದು ಮಿಣುಕುತ್ತಿದೆ ಹೇಳಿ. ಮುಚ್ಚಳ ತೆರೆದರೆ ಒಳಗಿನ, ತೇವ ಹೀರುವ ಸಿಲಿಕಾ ಚೀಲ ಗುಲಾಬಿ ಬಣ್ಣಕ್ಕೆ ತಿರುಗಿದೆಯೇ ನೋಡಿ. ತೀರ್ಥಹಳ್ಳಿಯ ಯಜಮಾನರು ಚೀಟಿ ಓದಿ, ಸ್ವಿಚ್ಚಿನ ಮೇಲೆ ತಾವೇ ಒಂದು ತುಂಡು ಟೇಪು ಅಂಟಿಸಿಕೊಂಡರು. ಆಗಸ್ಟಿನಲ್ಲಿ ಅಲ್ಲಿ ಮತ್ತೆ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಪೆಟ್ಟಿಗೆ ತಾನೇ ಎದ್ದು, ಬಿದ್ದ ಹೊತ್ತಿನಿಂದ ಎದ್ದ ಹೊತ್ತಿನವರೆಗಿನ ಮಳೆಯ ಜಾಗ ಖಾಲಿ ಬಿಟ್ಟು, ಮುಂದಿನ ಲೆಕ್ಕ ಕಳಿಸತೊಡಗಿತು. ಆ ಖಾಲಿ ಜಾಗ ತುಂಬಲು ಈಗ ದೊಡ್ಡ ಬ್ಯಾಟರಿ ಹುಡುಕುತ್ತಿದ್ದೇವೆ.